ಹೊಸ ಡಬ್ಬಿಯ ಹಳೆ ಕಾರ್ಡು

ಮುಕ್ರಮ ತನ್ನ ಕಂಪ್ಯೂಟರ್ ಅಂಗಡಿಯ ಹಿಂದುಗಡೆ ಹಳೆಯ ಗ್ರಾಫಿಕ್ಸ್ ಕಾರ್ಡಿನ ಧೂಳು ಒರೆಸಿ, ಹೊಸ ಡಬ್ಬಿಯಲ್ಲಿಟ್ಟು ಸೀಲು ಅಂಟಿಸಿದ. ಹೈದರಾಬಾದಿನ ಗುಜರಿ ಮಾಲು. ಅರ್ಧ ತಾಸು ಚೆನ್ನಾಗಿ ಓಡುತ್ತದೆ, ಆಮೇಲೆ ಕಾದು ಪರದೆ ಕಪ್ಪಾಗುತ್ತದೆ. ಅಫಜಲಪುರದಲ್ಲಿ ಇದು ಗೊತ್ತಿದ್ದವನು ಅವನೊಬ್ಬನೇ.

ಅಂಗಡಿಯ ಮುಂದುಗಡೆ ಮಾಳಿಂಗಪ್ಪ ಮಾಸ್ತರರು ಕಾಯುತ್ತಿದ್ದರು. ಮೂವತ್ತು ವರ್ಷದ ಹಿಂದೆ, ಪೈಲಟ್ ಆಗುತ್ತೇನೆಂದ ಮುಕ್ರಮನನ್ನು ಇವರೇ ಬೆಂಚಿನ ಮೇಲೆ ನಿಲ್ಲಿಸಿದ್ದರು. "ಪಂಕ್ಚರ್ ಅಂಗಡಿಯವನ ಮಗ ವಿಮಾನ ಹಾರಸ್ತಾನಂತ, ಚಪ್ಪಾಳಿ ಹೊಡೀರ್ಲೇ!" ಇಡೀ ತರಗತಿ ಚಪ್ಪಾಳೆ ಹೊಡೆದಿತ್ತು. ಮರುದಿನದಿಂದ ಅವನು ಶಾಲೆಯ ಕಡೆ ತಲೆ ಹಾಕಲಿಲ್ಲ. ಇಂದಿಗೂ ಅವನ ಮನೆಯಲ್ಲಿ ವಿಮಾನದ ಮಾತೆತ್ತುವ ಹಾಗಿಲ್ಲ.

"ನಾಳೆ ಹನ್ನೊಂದಕ್ಕ ಹುಡುಗಿಗಿ ವಿಮಾನ ಹಾರಸೋ ಪರೀಕ್ಷಾ ಐತಿ," ಎಂದರು ಮಾಸ್ತರರು. "ನಮ್ಮ ಮನ್ಯಾಗ ಕುಂತು ಕಂಪ್ಯೂಟರಿನ್ಯಾಗ ಒಂದು ತಾಸು ಹಾರಸಬೇಕು. ಪಾಸಾದ್ರ ಪೈಲಟ್ ತರಬೇತಿ ಪುಕ್ಕಟೆ. ಒಂದೇ ಚಾನ್ಸ್. ಕಾಲೇಜಿನ ಕಂಪ್ಯೂಟರ್ ಸಾಲೂದಿಲ್ಲ. ಲ್ಯಾಪ್‌ಟಾಪ್ ಒಯ್ಯಲೇನು?"

"ಬ್ಯಾಡ್ರಿ, ಅದು ಲಗೂನ ಬಿಸಿ ಆಗ್ತದ. ಡೆಸ್ಕ್‌ಟಾಪ್ ಒಯ್ರಿ. ಎಂಟು ಜಿಬಿ ಕಾರ್ಡ್ ಹಾಕ್ತೇನಿ, ಮೋಡ ಸುದ್ದಾ ಖರೇ ಮೋಡದಂಗ ಕಾಣ್ತಾವ."

ಮಾಸ್ತರರ ಮೊಮ್ಮಗಳು ಅಮೃತ ಮಹಾ ಜಾಣೆ. ಮುಕ್ರಮನ ಮಗಳು ಮಿನಾಜಳ ಜೊತೆಗೇ ಕಾಲೇಜಿಗೆ ಹೋಗುತ್ತಾಳೆ. ಅಜ್ಜನ ಪಾಪಕ್ಕೆ ಅವಳೇನು ಮಾಡಿಯಾಳು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಆ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

"ನಿನ್ನ ಮಗಳಿಗಿ ಆರಿಸಿದಂಗ ಆರಿಸಿಕೊಡಪಾ," ಎಂದರು ಮಾಸ್ತರರು. "ಯಾರ ಮುಂದೂ ಅನಬ್ಯಾಡ. ಆಕಿ ಅಪ್ಪಗ ಇನ್ನೂ ಹೇಳಿಲ್ಲ. ಬ್ಯಾಡ ಅಂತಾನಂತ ಹೆದರ್ಯಾಳ."

"ಹಂಗೇ ಆರಿಸೇನ್ರಿ."

ಗಿರಾಕಿಯ ಎದುರಿಗೇ ಸೀಲು ಒಡೆಯುವುದು ಅಂಗಡಿಯ ರಿವಾಜು. ತಾನೇ ಅಂಟಿಸಿದ ಸೀಲನ್ನು ಮುಕ್ರಮ ತಾನೇ ಒಡೆದು, ಕಾರ್ಡು ಕೂಡಿಸಿ, ಐದು ನಿಮಿಷ ವಿಮಾನ ಹಾರಿಸಿ ತೋರಿಸಿದ. ಮಾಸ್ತರರು ಕಣ್ಣರಳಿಸಿ ನೋಡಿದರು. ಹೋಗುವಾಗ ಅವನ ಹೆಗಲು ಹಿಡಿದು, "ಅವತ್ತು ನಂದು ತಪ್ಪಾತಪಾ," ಎಂದರು. ಈಗ ನೆನಪಾಯಿತೇನು ಮುದುಕನಿಗೆ ಎಂದುಕೊಂಡ ಮುಕ್ರಮ.

ಮರುದಿನ ಭಾನುವಾರ, ಹನ್ನೊಂದೂವರೆಗೆ ಗಡಿಯಾರ ನೋಡಿ ಒಬ್ಬನೇ ನಕ್ಕ. ಹೆಂಡತಿ ಫರಹತಳಿಗೆ ಬಿರಿಯಾನಿ ಮಾಡಲು ಹೇಳಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ಮಿನಾಜ ಹೊರಗಿನಿಂದ ಬಂದು ಬಾಗಿಲಲ್ಲೇ ನಿಂತಳು. ಅತ್ತು ಅತ್ತು ಅವಳ ಕಣ್ಣು ಕೆಂಪಾಗಿದ್ದವು.

"ಪಾಸಾದ ಮ್ಯಾಲೆ ನಿಮಗ ಹೇಳೂಣಂತ ಮಾಡಿದ್ದೆ ಅಬ್ಬಾ," ಎಂದಳು. "ಮಾಸ್ತರರ ಮನ್ಯಾಗ ವಿಮಾನ ಹಾರಸಾಕತ್ತಿದ್ದೆ, ಒಮ್ಮಿಗೇ ಪರದೆ ಕಪ್ಪಾತು."