ಚಿಯೊಳ ಎಡಗಣ್ಣು

"ಇದರಲ್ಲಿ ಬರೀ ಕಣ್ಣಿದೆಯಲ್ಲ, ಯಜಮಾನ್ರೇ. ಮುಖ ಇರೋದು ಕೊಡಿ," ಎಂದ, ಅಂತ್ಯಕ್ರಿಯೆಯ ಏರ್ಪಾಡು ನೋಡಿಕೊಳ್ಳುವ ಅರುಗಾ.

ಮುದುಕ ಮಿಯಾಸಾಕಾ ಕಂಪ್ಯೂಟರಿನಲ್ಲಿ ಮುಂದಿನ ಚಿತ್ರ ತೆರೆದ. ಅದರಲ್ಲೂ ಹೆಂಡತಿ ಚಿಯೊಳ ಎಡಗಣ್ಣು. ಅದರ ಮುಂದಿನದರಲ್ಲೂ ಅದೇ. ಪಕ್ಕದ ಕೋಣೆಯಲ್ಲಿ ಚಿಯೊ ಉತ್ತರಕ್ಕೆ ತಲೆಯಿಟ್ಟು, ಮುಖದ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಸಂಜೆ ಬೌದ್ಧ ಗುರುಗಳು ಸೂತ್ರ ಪಠಿಸಲು ಬರುವವರಿದ್ದರು. ಅಷ್ಟರೊಳಗೆ ಹೂವಿನ ನಡುವೆ ಇಡಲು ಅವಳದೊಂದು ಭಾವಚಿತ್ರ ಬೇಕಿತ್ತು.

ಮಿಯಾಸಾಕಾ ಸುವಾ ಸರೋವರದ ದಂಡೆಯ ಕ್ಯಾಮೆರಾ ಕಾರ್ಖಾನೆಯಲ್ಲಿ ಫೋಕಸ್ ಪರೀಕ್ಷಕನಾಗಿದ್ದವನು. ಫೋನುಗಳು ಬಂದು ಚಿಕ್ಕ ಕ್ಯಾಮೆರಾಗಳ ಮಾರುಕಟ್ಟೆಯನ್ನು ನುಂಗಿದಾಗ ಕಾರ್ಖಾನೆಯನ್ನು ಉಳಿಸಿದ್ದು, ಮನುಷ್ಯನ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಹೊಸ ಕ್ಯಾಮೆರಾ. ಭಾನುವಾರ ಬಂತೆಂದರೆ ಅವನು ಪರೀಕ್ಷೆಯ ಕ್ಯಾಮೆರಾ ಮನೆಗೆ ತಂದು ಚಿಯೊಳನ್ನು ಜಗಲಿಯಲ್ಲಿ ಕೂರಿಸುತ್ತಿದ್ದ. ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟವಾಗಿವೆಯೇ ಎಂದು ನೋಡಿ, ಹೋಲಿಕೆಗೆ ಬೇಕಾದ ಕಣ್ಣಿನಷ್ಟನ್ನೇ ಕತ್ತರಿಸಿಟ್ಟು ಉಳಿದದ್ದನ್ನು ಅಳಿಸುತ್ತಿದ್ದ. ಇನ್ನೂ ಮಾರಾಟಕ್ಕೆ ಬಾರದ ಕ್ಯಾಮೆರಾದ ಪೂರ್ತಿ ಚಿತ್ರ ಮನೆಯಲ್ಲಿರಕೂಡದೆಂಬುದು ಕಾರ್ಖಾನೆಯ ಕಟ್ಟಳೆ. ಹಾಗೆ ಉಳಿದವು ಆರುನೂರ ಹನ್ನೊಂದು ಕಣ್ಣುಗಳು.

ಚಿಯೊಳ ತಂಗಿ ಕಿನು ಹೊಸ ಊದುಬತ್ತಿ ಹಚ್ಚಿ, ಅಮಿದ ಬುದ್ಧನ ನಾಮ ಹೇಳಿ ಇತ್ತ ಬಂದಳು.

"ಕ್ಯಾಮೆರಾ ಮಾಡೋರ ಮನೇಲೇ ಫೋಟೋಗೆ ಬರ! ಪ್ರವಾಸ ಹೋಗಿದ್ದಾದ್ರೂ ಇಲ್ವಾ ಭಾವ?"

"ಅಲ್ಲಿ ಕ್ಯಾಮೆರಾ ಎತ್ತಿದ್ರೆ, 'ಭಾನುವಾರ ಕೂತಿದ್ದು ಸಾಲ್ದಾ' ಅಂತ ಪಕ್ಕಕ್ಕೆ ಸರೀತಿದ್ಲು."

"ಗುರುತಿನ ಚೀಟಿ ಒಂದಿದೆ," ಎಂದ ಅರುಗಾ, ಅದನ್ನು ಎತ್ತಿ ತೋರಿಸುತ್ತ.

"ಅಯ್ಯೋ ಅದು ಬೇಡಪ್ಪ. ಅಕ್ಕ ಏನೋ ಕದ್ದು ಸಿಕ್ಕಿಬಿದ್ದೋಳ ಹಾಗಿದಾಳೆ."

"ಯೋಚ್ನೆ ಬಿಡಿ. ಈ ಕಣ್ಣು, ಈ ಚೀಟಿ ಎರಡಿದ್ರೆ ಸಾಕು. ಮಿಕ್ಕಿದ್ದನ್ನ ಈಗ ಕಂಪ್ಯೂಟರೇ ಮಾಡುತ್ತೆ."

ಅರುಗಾ ತಾನು ತಂದಿದ್ದ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಒಂದು ನಿಮಿಷವೂ ಆಗಿರಲಿಲ್ಲ, ಪರದೆಯ ಮೇಲೆ ಒಬ್ಬ ಹೆಂಗಸು ಮೂಡಿ ನಕ್ಕಳು. ಹಲ್ಲುಗಳೆಲ್ಲ ಒಂದೇ ಸಾಲಿನಲ್ಲಿ ನೆಟ್ಟಗಿದ್ದವು.

"ಯಾರಮ್ಮ ಇವಳು?" ಎಂದಳು ಕಿನು ಮೆಲ್ಲಗೆ. "ನಮ್ಮಕ್ಕನ ಮುಂದಿನ ಹಲ್ಲು ಒಂದರ ಮೇಲೊಂದು ಹತ್ತಿತ್ತು."

"ಅಷ್ಟೇ ತಾನೇ? ಸರಿಮಾಡ್ತೀನಿ. ಹೇಳಿ ಯಜಮಾನ್ರೇ, ಮೇಲೆ ಹತ್ತಿದ್ದು ಎಡಗಡೇದಾ, ಬಲಗಡೇದಾ?"

ಮಿಯಾಸಾಕಾ ತನ್ನ ಮುಂದಿನ ಹಲ್ಲಿನ ಮೇಲೆ ಬೆರಳಿಟ್ಟ, ಮೊದಲು ಎಡಗಡೆಯದರ ಮೇಲೆ, ಆಮೇಲೆ ಬಲಗಡೆಯದರ ಮೇಲೆ. ಅರುಗಾ ಕಾದ. ಕಿನು ಭಾವನ ಮುಖವನ್ನೇ ನೋಡುತ್ತಿದ್ದಳು.

"ಬಲಗಡೇದು," ಎಂದು ಕೊನೆಗೆ ಅವಳೇ ಹೇಳಿ, ಅಕ್ಕನ ಬಳಿಗೆ ಹೋಗಿ ಕೂತಳು.

ಮಿಯಾಸಾಕಾ ತನ್ನ ಚಿತ್ರಗಳತ್ತ ತಿರುಗಿ, ಕೈಗಾದ ಅಭ್ಯಾಸದಂತೆ ಒಂದು ಕಣ್ಣನ್ನು ದೊಡ್ಡದು ಮಾಡಿದ. ರೆಪ್ಪೆಗೂದಲು ಒಂದೊಂದೂ ಬಿಡಿಬಿಡಿಯಾಗಿ ಕಂಡವು. ಇಷ್ಟು ವರ್ಷ ಅವನ ನೋಟ ಅಲ್ಲೇ ನಿಲ್ಲುತ್ತಿತ್ತು. ಇಂದು ಅದು ಕಣ್ಣಿನ ಪಾಪೆಗೆ ಜಾರಿತು. ಅದರೊಳಗೆ ಜಗಲಿಯ ಬೆಳಕು ಬಿದ್ದಿತ್ತು, ಬೆಳಕಿನಲ್ಲಿ ಒಬ್ಬ ಗಂಡಸು ಕೂತಿದ್ದ. ಮುಖ ಇರಬೇಕಾದ ಕಡೆ ಕ್ಯಾಮೆರಾದ ಕರಿಯ ಪೆಟ್ಟಿಗೆ ಇತ್ತು. ಮಿಯಾಸಾಕಾ ಮುಂದಿನ ವರ್ಷದ್ದನ್ನು ತೆರೆದ, ಅದರ ಮುಂದಿನದನ್ನು ತೆರೆದ. ಪೆಟ್ಟಿಗೆ ವರ್ಷವರ್ಷಕ್ಕೂ ಚಿಕ್ಕದಾಗುತ್ತ ಬಂದಿತ್ತು. ಅದರ ಹಿಂದಿನ ಮುಖ ಮಾತ್ರ ಒಂದು ಭಾನುವಾರವೂ ಅವಳಿಗೆ ಕಂಡಿರಲಿಲ್ಲ.