ಎಷ್ಟು ಹನಿ?

"ಎಷ್ಟು ಹನಿ ಹಾಕ್ಬೇಕು ಅಂತ ಓದಿ ಹೇಳಿ ಪಾಸ್ಟರ್," ಎಂದು ಹಾಸಿಂತಾ ಆರಾಧನೆಯ ನಡುವೆಯೇ ವೇದಿಕೆಗೆ ಬಂದು ಔಷಧಿಯ ಬಾಟಲಿ ಚಾಚಿದಳು. ಹೆಗಲ ಮೇಲೆ ಮೊಮ್ಮಗು ಜ್ವರದಿಂದ ಸುಡುತ್ತಿತ್ತು. ಅದರ ತಾಯಿ ಕಾಫಿ ಕೊಯ್ಲಿಗೆಂದು ಬೆಟ್ಟ ಹತ್ತಿದ್ದಳು. "ನನ್ನ ಕನ್ನಡಕ ನಿಮ್ಮ ಹತ್ರಾನೇ ಇದೆಯಲ್ಲ."

ಅದು ವೇದಿಕೆಯ ಬುಟ್ಟಿಯಲ್ಲಿತ್ತು. ದೇವರು ಕಣ್ಣು ವಾಸಿಮಾಡಿದ್ದಾನೆಂದು ನಂಬುವವರು ಕನ್ನಡಕವನ್ನು ಅಲ್ಲಿ ಒಪ್ಪಿಸಿಬಿಡಬೇಕೆಂದು ಪಾಸ್ಟರ್ ನಹೂಮ್ ಹೋದ ಭಾನುವಾರ ಗುಡುಗಿದಾಗ, ಹಾಸಿಂತಾ ಎಲ್ಲರಿಗಿಂತ ಮೊದಲು ಎದ್ದಿದ್ದಳು.

ನಹೂಮ್ ಬಾಟಲಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಅಕ್ಷರಗಳು ಇರುವೆ ಸಾಲಿನಂತೆ ಕಲಸಿಹೋದವು. ಬೈಬಲನ್ನಾದರೆ ಪುಟ ತಿರುವುತ್ತಾ ಬಾಯಿಪಾಠ ಒಪ್ಪಿಸಬಹುದಿತ್ತು. ಇಪ್ಪತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಂದುಬಿಟ್ಟರೆ ಇಡೀ ಸಭೆ ಆಮೆನ್ ಅನ್ನುತ್ತಿತ್ತು.

"ಬೇಗ ಹೇಳಿ, ಮಗು ಕಣ್ಣು ಮೇಲಕ್ಕೆ ಹೋಗ್ತಿದೆ."

"ಇಡೀ ಬೈಬಲ್ ಗಡಗಡ ಓದೋರಿಗೆ ಈ ಚೀಟಿ ಯಾವ ಲೆಕ್ಕ? ಸ್ವಲ್ಪ ತಡ್ಕೋ ಅಕ್ಕ," ಎಂದ ಮುಂದಿನ ಬೆಂಚಿನ ಚೆಪೆ.

ನಹೂಮ್ ಬುಟ್ಟಿಯಲ್ಲಿದ್ದ ಹತ್ತಾರು ಕನ್ನಡಕಗಳ ನಡುವೆ ಕೈಯಾಡಿಸಿ, ದಾರ ಕಟ್ಟಿದ ಕನ್ನಡಕವನ್ನು ತಡವಿ ತೆಗೆದರು. ಅಂಗಿಯ ತುದಿಯಲ್ಲಿ ಒರೆಸಿ, ತಾವೇ ಹಾಸಿಂತಾಳ ಮೂಗಿನ ಮೇಲಿಟ್ಟರು.

"ನೀವೇ ಓದಿ ಸಹೋದರಿ. ನನಗೆ ಕಾಣ್ತಿಲ್ಲ."

ಯಾರೂ ಆಮೆನ್ ಅನ್ನಲಿಲ್ಲ. ಹಾಸಿಂತಾ ಬಾಟಲಿಯನ್ನು ಬೆಳಕಿಗೆ ತಿರುಗಿಸಿದಳು. "ಎಂಟು," ಎಂದವಳೇ ಮಗುವಿನ ಬಾಯಿ ಬಿಡಿಸಿ ಹನಿ ಎಣಿಸತೊಡಗಿದಳು.

ಚೆಪೆ ಮೆಲ್ಲಗೆ ಎದ್ದ. ಬೆಂಚಿನ ಅಂಚು ತಡವುತ್ತಾ ವೇದಿಕೆಯವರೆಗೆ ಬಂದು, "ನಂದು ಕರೀ ಫ್ರೇಮಿಂದು ಪಾಸ್ಟರ್," ಎಂದ.