ಬಿಟ್ಟವರ ಬಳಗ

ಹೆಂಡದ ಗಡಿಗೆಯ ಸುತ್ತ ಹಾಕಿದ್ದ ಮಣೆಗಳಲ್ಲಿ ಒಂದು ಮಾತ್ರ ಖಾಲಿ ಇತ್ತು. ಅದು ಹುಡುಗಿಯ ಅಪ್ಪ ಒಲುಪೊಟ್‌ನದು. ಗಂಡಿನ ಕಡೆಯ ಹಿರಿಯರು ಆಳುದ್ದದ ಕೊಳವೆಗಳನ್ನು ಗಡಿಗೆಗೆ ಇಳಿಬಿಟ್ಟುಕೊಂಡು ಕಾಯುತ್ತಿದ್ದರು. ಬೀಗರಿಬ್ಬರೂ ಒಂದೇ ಗಡಿಗೆಯಿಂದ ಹೀರಿದರೆ ಸಂಬಂಧ ಕುದುರಿದಂತೆ. ಸೊರೋಟಿಯ ಕಡೆಯ ಪದ್ಧತಿಯೇ ಅದು.

"ಬನ್ನಿ ಬೀಗ್ರೇ, ರಾಗಿ ಹೆಂಡಕ್ಕೆ ಬಿಸಿನೀರು ಹುಯ್ದಾಯ್ತು, ಆರಿಹೋಗ್ತದೆ!" ಹುಡುಗನ ದೊಡ್ಡಪ್ಪ ಎಚೊಡು ತಾನೇ ಎದ್ದು ಬಂದು ಒಂದು ಕೊಳವೆಯನ್ನು ಒಲುಪೊಟ್‌ನ ಮುಂದೆ ಹಿಡಿದ.

ಹುದುಗಿದ ರಾಗಿಯ ವಾಸನೆ ಒಲುಪೊಟ್‌ನ ಮೂಗಿಗೆ ಬಡಿಯಿತು. ಸೈಕಲ್ ರಿಪೇರಿಯ ಒಲುಪೊಟ್ ಎಂದರೆ ಒಂದು ಕಾಲಕ್ಕೆ ಕುಡಿತದಲ್ಲಿ ಊರಿಗೆಲ್ಲ ಗಾದೆ. ಮಗಳು ಅಮೊಡಿಂಗ್ ಟೀಚರ್ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆದ ದಿನ ಸಭಾಂಗಣದ ಬಾಗಿಲಲ್ಲೇ ಕುಡಿದು ಬಿದ್ದಿದ್ದ. ಮಗಳು ಅವನನ್ನು ದಾಟಿಕೊಂಡು ಒಳಗೆ ಹೋಗಬೇಕಾಗಿತ್ತು. ಆಮೇಲೆ ಚರ್ಚಿನ ಹಿಂದಿನ ಮಾವಿನ ಮರದಡಿ ಕುಡಿತ ಬಿಟ್ಟವರು ಸೇರುವ 'ಬಿಟ್ಟವರ ಬಳಗ'ಕ್ಕೆ ಹೋಗತೊಡಗಿದ. ಅಲ್ಲಿ ಎಲ್ಲರೂ ಕೈ ಕೈ ಹಿಡಿದು ಬೇಡುವುದು ಇಷ್ಟೇ: 'ದೇವರೇ, ಇವತ್ತೊಂದು ದಿನ ಕಾಪಾಡು. ನಾಳೆಯದನ್ನು ನಾಳೆ ಕೇಳ್ತೀವಿ.'

ಈಗ ಒಲುಪೊಟ್‌ನ ಬಾಯಲ್ಲಿ ನೀರೂರಿತು. ಕೈ ತನ್ನಷ್ಟಕ್ಕೆ ಕೊಳವೆಯತ್ತ ಹೊರಟಿತು. ಗುಡಿಸಲ ಬಾಗಿಲಲ್ಲಿ ಅಮೊಡಿಂಗ್ ಆ ಕೈಯನ್ನೇ ನೋಡುತ್ತ ನಿಂತಿದ್ದಳು. ಒಲುಪೊಟ್ ಕಣ್ಣು ಮುಚ್ಚಿದ. 'ದೇವರೇ, ಇವತ್ತೊಂದು ದಿನ.' ಕೈ ಅರ್ಧದಲ್ಲೇ ನಿಂತಿತು.

"ನಾನು ಒಲುಪೊಟ್. ನಾನು ಕುಡುಕ," ಎಂದ. ಭಾನುವಾರ ಭಾನುವಾರ ಮರದಡಿ ಹೇಳಿ ಅಭ್ಯಾಸವಾದ ಮಾತು, ಬೀಗರೆದುರು ತಾನಾಗಿ ಹೊರಬಿದ್ದಿತ್ತು.

ಅಂಗಳದಲ್ಲಿ ಯಾರೋ ಕಿಸಕ್ಕೆಂದರು.

"ಹಂಗಂದ್ರೆ? ನಮ್ಮ ಸಂಬಂಧ ಬೇಡ ಅಂತೀರಾ?" ಎಚೊಡುವಿನ ಹುಬ್ಬು ಗಂಟಾಯಿತು.

"ಸಂಬಂಧ ಬೇಕು ಬೀಗ್ರೇ, ಹೆಂಡ ಬೇಡ. ಒಂದು ಗುಟುಕು ಒಳಗೋದ್ರೆ ನಾನು ಈ ಗಡಿಗೇನೇ ಮದ್ವೆ ಆಗ್ಬಿಡ್ತೀನಿ. ಹುಡುಗ ಹುಡುಗಿ ನೋಡ್ತಾ ನಿಂತಿರ್ಬೇಕಾಗ್ತದೆ!"

ಎಚೊಡು ನಗಲೋ ಸಿಟ್ಟಾಗಲೋ ಎಂದು ಯೋಚಿಸುವಷ್ಟರಲ್ಲಿ ಬೇಲಿಯ ಕಡೆಯಿಂದ ಕೂಗು ಕೇಳಿಸಿತು. "ದಾರಿ ಬಿಡ್ರಪ್ಪಾ, ತಲೆ ಸುಡ್ತಾ ಇದೆ!"

ಸಿಂಬೆಯ ಮೇಲೆ ಹಬೆಯಾಡುವ ಗಡಿಗೆ ಹೊತ್ತು ಬಂದವಳು ಅಕುರುಟ್. ಒಂದು ಕಾಲಕ್ಕೆ ಆ ಸೀಮೆಯಲ್ಲೇ ಒಳ್ಳೆಯ ಹೆಂಡ ಮಾಡುತ್ತಿದ್ದವಳು, ಮಾಡಿದ್ದರಲ್ಲಿ ಅರ್ಧ ತಾನೇ ಕುಡಿಯುತ್ತಿದ್ದವಳು, ಈಗ ಬಳಗದ ಹಿರಿಯಕ್ಕ. ಈ ದಿನ ಒಲುಪೊಟ್‌ಗೆ ಎಂಥ ದಿನವೆಂದು ಬಳಗಕ್ಕೆ ಚೆನ್ನಾಗಿ ಗೊತ್ತಿತ್ತು. ಕೊಳವೆಗಳನ್ನು ಹೊತ್ತುಕೊಂಡು ಉಳಿದವರೂ ಅವಳ ಹಿಂದೆಯೇ ಬಂದಿದ್ದರು.

"ಏನಕ್ಕಾ ಇದು?" ಎಚೊಡು ಇಣುಕಿದ.

"ರಾಗೀನೇ ಕಣಣ್ಣಾ. ಅಮಲೇರೋಕೆ ಬಿಡ್ದೆ ಅಂಬಲಿ ಮಾಡ್ಬಿಟ್ಟೆ. ಹುಣಸೆಹಣ್ಣು ಹಿಂಡಿದೀನಿ."

ಎಚೊಡುವಿನ ಹೆಂಡತಿ ಎಲ್ಲರಿಗಿಂತ ಮೊದಲು ಮಣೆ ಎಳೆದುಕೊಂಡು ಆ ಗಡಿಗೆಯ ಪಕ್ಕ ಕುಳಿತಳು. "ಒಂದೇ ಗಡಿಗೆ ಅಂದಿದಾರೆ ಹಿರಿಯರು. ಒಳಗೇನಿರ್ಬೇಕು ಅಂತ ಹೇಳಿಲ್ವಲ್ಲ! ಕೂತ್ಕೊಳ್ರೀ."

ಎಚೊಡು ಗಹಗಹಿಸಿ ನಕ್ಕು ಕುಳಿತ. ಬೀಗರಿಬ್ಬರೂ ಕೊಳವೆ ಕಚ್ಚಿದರು. ಗಟ್ಟಿ ಅಂಬಲಿ ಮೇಲಕ್ಕೇರಲೊಲ್ಲದು. ಇಬ್ಬರ ಕೆನ್ನೆಯೂ ಒಳಗೆ ಹೋಗಿ, ಕಣ್ಣು ಹೊರಗೆ ಬಂದವು. "ಎಳೀರಿ, ಎಳೀರಿ!" ಎಂದು ಅಂಗಳವೆಲ್ಲ ಹುರಿದುಂಬಿಸಿತು. ಕೊನೆಗೆ ಅಂಬಲಿ ಬಾಯಿಗೆ ಬಂದಾಗ ಹೆಂಗಸರು ನಾಲಗೆ ಹೊರಳಿಸಿ ಸಂಭ್ರಮದ ಕೂಗು ಹಾಕಿದರು. ಅಮೊಡಿಂಗ್ ನಗುನಗುತ್ತಲೇ ಕಣ್ಣೊರೆಸಿಕೊಂಡಳು.

ಮುದ್ದೆ, ಕಡಲೆಕಾಯಿ ಸಾರಿನ ಊಟ ಮುಗಿದ ಮೇಲೆ ಎಚೊಡು ಒಲುಪೊಟ್ ಮತ್ತು ಅಕುರುಟ್‌ರನ್ನು ಕಣಜದ ನೆರಳಿಗೆ ಕರೆದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ನಿಮ್ಮ ಆ ಮರದಡಿ... ಹೊರಗಿನೋರು ಬರಬೋದಾ? ನಂಗಲ್ಲ ಮತ್ತೆ. ನನ್ನ ತಮ್ಮನಿಗೋಸ್ಕರ ಕೇಳ್ತಿದೀನಿ."

ಅಕುರುಟ್ ನಗು ತಡೆದುಕೊಂಡು ಅವನ ಕೈ ಹಿಡಿದಳು.

"ಬನ್ನಿ ಅಣ್ಣಾ. ಅಲ್ಲಿಗೆ ಮೊದಲ್ನೇ ದಿನ ನಾವೆಲ್ರೂ ತಮ್ಮನಿಗೋಸ್ಕರಾನೇ ಬಂದಿದ್ದು."